ಎತ್ತಿನ ಚಿತ್ರ ಮಾರಿದ ಗೆಳೆಯ

ಆದೋನಿಯ ಸ್ಟೇಷನ್ ಮಾಸ್ತರರ ಮಗ ನನ್ನ ಸಹಪಾಠಿ, ಯೆಹೂದಿ. ಹದಿಮೂರು ತುಂಬಿದ ದಿನ ಅವರಲ್ಲಿ ಹುಡುಗ ದೊಡ್ಡವನಾಗುತ್ತಾನೆ. ಅಂದು ಆಸ್ಪತ್ರೆಗೊಂದು ಕಂಬಳಿ ಕೊಡಬೇಕು, ಅದೂ ತಾನೇ ದುಡಿದು ಎಂಬುದು ಅವನ ಹಟ. ಹತ್ತಿ ಮಾರುಕಟ್ಟೆಗೆ ಬರುವ ಬಂಡಿಯೆತ್ತುಗಳನ್ನು ಬರೆದು, ನಾಲ್ಕಾಣೆಗೊಂದರಂತೆ ಹನ್ನೆರಡು ಚಿತ್ರ ಹರಡಿ, “ಸರಿಯಾಗಿ ನೋಡ್ರಿ” ಎನ್ನುತ್ತ ಅಲ್ಲೇ ಕೂತ. ಮಾರಾಟದ ಲೆಕ್ಕ ಬರೆಯುವ ಕೆಲಸ ನನ್ನದು; ಮಧ್ಯಾಹ್ನದವರೆಗೆ ನನ್ನ ಡೈರಿಯಲ್ಲಿ ಸೊನ್ನೆ.

ಬಂಡಿಯವನೊಬ್ಬ ಬಗ್ಗಿ ನೋಡಿ ಕೂಗಿದ: “ಏ ತಮ್ಮಾ, ಇದು ನನ್ನ ಎತ್ತು! ಮುರಿದ ಕೊಂಬು ಎಡಕ್ಕೈತಿ, ಬಲಕ್ಕ ಬರದೀಯಲ್ಲೋ!”

ಗೆಳೆಯ ಎತ್ತಿನತ್ತ ಓಡಿ, ನೋಡಿ ಬಂದು, ಕೊಂಬು ತಿದ್ದಿದ. “ಸರಿಯಾಗಿ ನೋಡೀರಿ ಮಾಮಾ!”

ತಮ್ಮ ಎತ್ತು ಹುಡುಕಲು ಬಂಡಿಯವರೆಲ್ಲ ಮುಗಿಬಿದ್ದರು. ಹನ್ನೆರಡೂ ಹೋದವು, ಕಂಬಳಿಗೆ ಇನ್ನೂ ನಾಲ್ಕಾಣೆ ಕಡಿಮೆ.

ಆಗ ಒಬ್ಬ ಜಗಳಕ್ಕೇ ನಿಂತ: “ನನ್ನ ಎತ್ತು ಯಾಕ ಬರದಿಲ್ಲ? ಅದೇನು ಕತ್ತೆಯೇನು?”

ಗೆಳೆಯ ಪೆನ್ಸಿಲ್ ನಾಲಗೆಗೆ ತಾಗಿಸಿಕೊಂಡು, “ಹೊಡ್ಕೊಂಡ್ ಬರ್ರಿ” ಎಂದ. ನಾನು ಡೈರಿಯಲ್ಲಿ ಆಗಲೇ ಹದಿಮೂರು ಎಂದು ಬರೆದುಬಿಟ್ಟಿದ್ದೆ.