ಹಳೇ ರೇಡಿಯೋದ ಮೂತಿ ಹಿಂದ

ನಮ್ಮಪ್ಪ ನಮ್ಮನ್ನ ಹೊಡಿಯಾಕಂತನ ಕಾರಿನ ಹಳೇ ಫ್ಯಾನ್ ಬೆಲ್ಟ್ ಇಟ್ಟಿದ್ದ. ಮಾನವಿ ಊರಾಗ ನಮ್ಮ ಮನಿ ಪಡಸಾಲ್ಯಾಗ, ಕ್ಯಾಲೆಂಡರ್ ಬಾಜೂಕ ಒಂದು ಮೊಳಿಗೆ ಅದು ಜೋತುಬಿದ್ದಿರ್ತಿತ್ತು. ಕಾರಿಗೆ ಹೊಸ ಬೆಲ್ಟ್ ಬಂತಂದ್ರ ಮೊಳಿಗೂ ಒಂದು ಬಂದಂಗ. ಅಣ್ಣ ನನಗಿಂತ ನಾಕು ವರ್ಷ ದೊಡ್ಡಾಂವ. ಬೆಲ್ಟ್ ಮೊಳಿಯಿಂದ ಇಳಿಯೋ ಸಪ್ಪಳ ಕೇಳಿದ್ರ ಸಾಕು, ನನ್ನನ್ನ ಗ್ವಾಡಿ ಕಡಿ ನೂಕಿ ತಾ ಮುಂದ ನಿಲ್ತಿದ್ದ. ಹಂಗಾಗಿ ನನ್ನ ಬೆನ್ನಾಗ ಬಾಸುಂಡಿ ಎರಡೋ ಮೂರೋ, ಅವನ ಬೆನ್ನಾಗ ಎಷ್ಟಿದ್ದವೋ ಅವ್ವಗೂ ಲೆಕ್ಕಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರ. ನಮ್ಮಪ್ಪಗ ಮುದ್ದು ಅಂದ್ರ ಕಾರು.

ಅದು ಹಾಲಿನ ಬಣ್ಣದ ಅಂಬಾಸಿಡರ್. ರಾಯಚೂರಾಗ ಒಬ್ಬ ರೈಸ್ ಮಿಲ್ ಸಾಹುಕಾರ್ರ ಹತ್ರ ಅಪ್ಪ ಇಪ್ಪತ್ತು ವರ್ಷ ಡ್ರೈವರ್ ಇದ್ದ. ಅವರು ಹೊಸ ಗಾಡಿ ತಗೊಂಡಾಗ ಇದನ್ನ ಅಪ್ಪಗ ಬಿಟ್ಟುಕೊಟ್ರು. ಆಮ್ಯಾಲ ಅದು ಮದುವಿ ಕಾರಾತು. ಮಾನವಿ, ದೇವದುರ್ಗ, ಅರಕೇರಾ ಕಡಿ ಮದುಮಗ ಮೆರವಣಿಗ್ಯಾಗ ಕುಂದರಬೇಕಂದ್ರ ನಮ್ಮಪ್ಪನ ಕಾರ ಬೇಕು. ಡ್ಯಾಶ್‌ಬೋರ್ಡ್ ನಡುವ ಒಂದು ಹಳೇ ರೇಡಿಯೋ: ಗಾಜಿನ ಪಟ್ಟಿ, ಕೆಂಪು ಮುಳ್ಳು, ತಿರುವೋ ಬಟನ್ ಎರಡು. ಅದು ಸತ್ತು ಎಷ್ಟೋ ಕಾಲಾಗಿತ್ತು, ಆದ್ರೂ ಅಪ್ಪ ದಿನಾ ಮುಂಜಾನಿ ಅದರ ಮುಖ ಒರಸ್ತಿದ್ದ. "ಸಾಹುಕಾರ್ರು ಕೊಟ್ಟಾಗ ಹೆಂಗಿತ್ತೋ ಹಂಗ ಇರಬೇಕು. ಗಾಡಿಗೆ ಒಂದ್ ತೂತು ಬಿತ್ತಂದ್ರ ನಿಮ್ಮ ತಲಿಗೆ ತೂತು ಹಾಕ್ತೀನಿ" ಅಂತಿದ್ದ. ಬಾಯಿ ಮಾತಲ್ಲ ಅದು. ಒಂದು ಮದುವ್ಯಾಗ ಮದುಮಗನ ಗೆಳೆಯ ಒಬ್ಬ ಸ್ಪೀಕರ್ ಕೂರಸಾಕಂತ ಬಾಗಿಲಕ್ಕ ಸ್ಕ್ರೂ ತಿರುವಿದ್ದ. ಅಪ್ಪ ಅವನ ಬಟ್ಟು ಅದ ಬಾಗಿಲ ಸಂದ್ಯಾಗಿಟ್ಟು ಬಡದ. ಆ ಹುಡುಗ ಚೀರಿದ್ದು ಬ್ಯಾಂಡ್‌ನವರ ಸಪ್ಪಳದಾಗ ಯಾರಿಗೂ ಕೇಳಲಿಲ್ಲ.

ನಾ ರಾಯಚೂರಾಗ ಗಾಡಿ ವೈರಿಂಗ್ ಕೆಲಸ ಮಾಡ್ತೀನಿ. ಸ್ಟೇಷನ್ ಹತ್ರ ತಗಡಿನ ಅಂಗಡಿ. ನನಗ ಕೆಲಸ ಕಲಿಸಿದ ಉಸ್ತಾದರು ವೈರಿಗೆ ಟೇಪ್ ಸುತ್ತಾಕ ಬಿಡ್ತಿದ್ದಿಲ್ಲ. "ಯೇ ಧೂಪ್ ಮೇ ಟೇಪ್ ನೈ ಟಿಕ್ತಾ ರೇ" ಅಂತಿದ್ರು. ಖರೇನ, ನಮ್ಮೂರ ಬಿಸಲಿಗೆ ಟೇಪಿನ ಅಂಟು ಬೆಲ್ಲದ ಪಾಕ ಆಗ್ತದ. ಅದಕ್ಕ ಹತ್ತಿ ದಾರಕ್ಕ ಮೇಣಬತ್ತಿ ತಿಕ್ಕಿ, ವೈರಿನ ಸುತ್ತ ನಾಕ್ ಬಟ್ಟಿನ ಅಗಲಕ್ಕೊಂದು ಗಂಟು ಹಾಕ್ಕೋಂತ ಹೋಗೋದು. ಉಸ್ತಾದರು ತೀರಿಹೋದ ಮ್ಯಾಲ ಊರಾಗ ಹಂಗ ಕಟ್ಟಾಂವ ನಾ ಒಬ್ಬನ. ನನಗದರ ಸೊಕ್ಕೂ ಇತ್ತು. ಸಿಟ್ಟೂ ಇತ್ತು, ಅದು ಅಪ್ಪನ ಕಡಿಂದ ಬಂದದ್ದು. ನಾ ಕಟ್ಟಿದ ಗಂಟು ಹರದು ಟೇಪ್ ಸುತ್ತಿಸಿಕೊಂಡು ಬಂದ ಒಬ್ಬ ಟ್ರಾಕ್ಟರ್ ಡ್ರೈವರ್‌ನ ಮೂಗು ಒಡದೀನಿ ನಾ. ನಾಚಿಕಿ ಅನಸ್ತದ ಈಗ. ಆವಾಗ ಅನಿಸಿದ್ದಿಲ್ಲ.

ಅಣ್ಣ ಅಪ್ಪನ ಜೋಡಿ ಅದ ಕಾರ ನಡಸ್ತಿದ್ದ. ಅವಂಗ ಹಾಡಿನ ಹುಚ್ಚು. ಮದುಮಗನ್ನ ಇಳಿಸಿ ದೇವದುರ್ಗದಿಂದ ಖಾಲಿ ಗಾಡಿ ಹೊಡಕೊಂಡು ಬರಬೇಕಾದ್ರ ತಲಿ ಕೆಡತದಲೇ ಅಂತ ಒಂದ ಸವನ ಗೋಳು. "ತೂತು ಹಾಕಬ್ಯಾಡ, ಏನೂ ಕಾಣಬಾರ್ದು, ಹಂಗ ಒಂದು ಸೆಟ್ ಕೂರಿಸಿಕೊಡು" ಅಂದ. ಅಪ್ಪ ಅರಕೇರಾದಾಗ ಯಾರೋ ಸತ್ತು ಅವರ ಮಣ್ಣಿಗೆ ಅಂತ ಬಸ್ಸಿಗೆ ಹೋದ ದಿನ ಅಣ್ಣ ಕಾರ ನನ್ನ ಅಂಗಡಿಗೆ ತಂದ.

ಅಂಥಾ ಕೆಲಸ ಮತ್ತ ನಾ ಮಾಡಿಲ್ಲ. ಸತ್ತ ರೇಡಿಯೋದ ಹೊಟ್ಟಿ ಬಗದು ಮೂತಿ ಅಷ್ಟ ಉಳಿಸಿದೆ. ಅದರ ಹಿಂದ ಅಂಗೈ ಅಗಲದ ಬ್ಲೂಟೂತ್ ಸೆಟ್ ಇಟ್ಟೆ. ಎಡಗಡಿ ಬಟನ್ ತಿರುವಿದ್ರ ಸೆಟ್ ಚಾಲೂ, ಆದ್ರ ಯಾರಿಗೂ ಕಾಣಬಾರ್ದಂತ ಮುಳ್ಳಿನ ಹಿಂದಿನ ಸಣ್ಣ ದೀಪ ಹತ್ತದಂಗ ಮಾಡಿದೆ. ಆಂಪ್ಲಿಫೈಯರ್ ಹಿಂದಿನ ಸೀಟಿನ ಕೆಳಗ. ಮುಂದಿನ ಸೀಟಿನ ಬೆನ್ನೊಳಗ, ಹಳೇ ಸ್ಪ್ರಿಂಗ್ ನಡುವ, ಎರಡು ಸ್ಪೀಕರ್ ಹುಗಿದು ಸೀಟಿನ ಹಳೇ ಬಟ್ಟೀನ ಮೊದಲಿನ ಹೊಲಿಗಿ ತೂತಿನ್ಯಾಗ ಹೊಲದೆ. ವೈರೆಲ್ಲಾ ಮೇಣದ ದಾರದಾಗ ಕಟ್ಟಿ ಮ್ಯಾಟಿನ ಕೆಳಗ ಬಿಟ್ಟೆ. ಟೆಸ್ಟ್ ಮಾಡಾಕ ಮೊದ್ಲು ನನ್ನ ಫೋನ್ ಕೂಡಿಸಿದೆ, ಆಮ್ಯಾಲ ಅಣ್ಣಂದು. ಆ ಸೆಟ್ಟಿಗೆ ಒಂದು ಚಾಳಿ ಅದ: ಚಾಲೂ ಆದ ಕೂಡ್ಲೇ ಮೊದ್ಲು ಕೂಡಿದ ಫೋನನ್ನ ಹುಡುಕ್ತದ, ಅದು ಸಿಗಲಿಲ್ಲಂದ್ರ ಎರಡನೇದು. ಕೆಲಸ ಮುಗದ ಮ್ಯಾಲ ನನ್ನ ಫೋನ್ ಅದರ ನೆನಪಿನಿಂದ ತಗದುಹಾಕಬೇಕಿತ್ತು. ಮರತೆ. ದಿನಾ ಮಾಡೋ ಕೆಲಸ, ಅವತ್ತ ಮರತೆ.

ತಿಂಗಳೊಪ್ಪತ್ತು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡದಂಗ ನಡೀತು. ಅಪ್ಪ ಮುಂದ ಕುಂದರ್ತಿದ್ದ, ಬೆನ್ನ ಹಿಂದ ಸ್ಪೀಕರ್, ರೇಡಿಯೋದ ಮೂತಿ ಒರಸ್ತಿದ್ದ, ಅದರ ಹಿಂದ ಸೆಟ್ಟು. ಅಣ್ಣ ಒಬ್ಬನ ಇದ್ದಾಗ ಬಟನ್ ತಿರುವಿ ಹಾಡು ಹಚ್ಚಿಕೊಂಡು, ನನಗ ವಾಯ್ಸ್ ಮೆಸೇಜ್ ಕಳಸ್ತಿದ್ದ.

ಪೋತ್ನಾಳದಾಗ ಒಂದು ಮದುವಿ. ಬಿರುಬಿಸಲ ಮಧ್ಯಾಹ್ನ, ಕಾರಿಗೆ ಹೂವು ಏರಿಸಿ ನಿಲ್ಲಿಸ್ಯಾರ, ಹಾರ್ನ್ ಕೆಟ್ಟದ. "ಬರ್ತೀಯೋ ಇಲ್ಲೋ" ಅಂತ ಅಪ್ಪ ತಾನ ಫೋನ್ ಮಾಡಿ ಕರದ. ಬೈಕ್ ಮ್ಯಾಲ ಹೋಗಿ ಸರಿ ಮಾಡಿದೆ. ಅಪ್ಪ ಡ್ರೈವರ್ ಸೀಟಿನ್ಯಾಗ ಕುಂತು ಕೀ ತಿರುವಿ ಹಾರ್ನ್ ಬಡದು ನೋಡಾಕತ್ತಿದ್ದ. ಮುಂಜಾನಿ ಒಬ್ಬನ ಕಾರ ಹೊಡಕೊಂಡು ಬಂದ ಅಣ್ಣ ಎಡಗಡಿ ಬಟನ್ ಬಂದ್ ಮಾಡೋದು ಮರತಿದ್ದ. ನನಗದು ಗೊತ್ತಿದ್ದಿಲ್ಲ. ನಾ ಬೇವಿನ ಗಿಡದ ನೆಳ್ಳಿಗೆ ಕೈ ಒರಸಿಕೋಂತ ನಿಂತು, ಹಿಂದಿನ ದಿನ ಅಣ್ಣ ಕಳಿಸಿದ ಮೆಸೇಜ್ ಕೇಳೋಣು ಅಂತ ಒತ್ತಿ ಕಿವಿಗೆ ಹಿಡಕೊಂಡೆ. ಕಿವ್ಯಾಗ ಏನೂ ಬರಲಿಲ್ಲ.

ಕಾರಿನೊಳಗಿಂದ ಬಂತು. "ಲೇ, ಏನ್ ಸೌಂಡ್ ಲೇ ಇದು! ಎದಿ ಝುಮ್ ಅಂತದ. ಮುದುಕ ಸ್ಪೀಕರಿಗೆ ಬೆನ್ನ ಹಚ್ಚಿ ಕುಂದರ್ತಾನ, ಗೊತ್ತಾಗಂಗಿಲ್ಲ! ಗಾಡಿ ಮಾಲಕ ಅಂತ, ಕತ್ತಿ ಸೂಳೇಮಗ!"

ಬೀಗರು ಬಿಜ್ಜರು, ಬ್ಯಾಂಡ್‌ನವರು, ಹೂವಿನಾಂವ, ಎಲ್ಲರೂ ಕಾರಿನ ಕಡಿ ಹೊಳ್ಳಿದ್ರು. ಆಮ್ಯಾಲ ನಗಿ ನೋಡ್ರಿ! ಮದುಮಗ ಸೈತ ಬಾಸಿಂಗ ಹಿಡಕೊಂಡು ನಕ್ಕ.

ಅಪ್ಪ ಇಳದ. ಅಣ್ಣ ಬಾಗಿಲಿಗೆ ಹೂವಿನ ಸರ ಕಟ್ಟಾಕತ್ತಿದ್ದ, ಕೈಯಾಗ ದಾರ ಹಂಗ ಇತ್ತು. ಅಪ್ಪನ ಬಲಗೈ ಅವನ ಎಡಗಿವಿಗೆ ಬಿತ್ತು. ತೆಂಗಿನಕಾಯಿ ಕಲ್ಲಿಗೆ ಬಡದಂಗ ಸಪ್ಪಳ. ಅಣ್ಣ ಅಡ್ಡ ಬಿದ್ದ. "ಯಾರ್ ಕೂರಿಸ್ಯಾರ?" ಅಂತ ಅಪ್ಪ ಎದಿಗೆ ಒದ್ದ. "ನಾನ ಯಪ್ಪಾ, ನಾನ" ಅಂದ ಅಣ್ಣ. ಮತ್ತ ಅದ ಕಿವಿಗೆ. ಮತ್ತ. ಕಿವಿಯಿಂದ ರಕ್ತ ಸಣ್ಣಗ ಇಳಿದು ಹೂವಿನ ಸರದ ಮ್ಯಾಲ ಬಿತ್ತು. ಅಷ್ಟರಾಗ ಎರಡನೇ ಮೆಸೇಜ್ ತಾನ ಶುರುವಾತು. ಅಣ್ಣ ಕಾರಿನೊಳಗಿಂದ ಹಾಡಾಕತ್ತಿದ್ದ, ತಾಳಿಲ್ಲ, ಶ್ರುತಿಯಿಲ್ಲ, ನಗಕೋಂತ. ಅದ ಅಣ್ಣ ಕೆಳಗ ಮಣ್ಣಾಗ ಬಿದ್ದು ಬಾಯಿ ತಕ್ಕೊಂಡು ಅಳಾಕತ್ತಿದ್ದ.

ಅಪ್ಪ ಡಿಕ್ಕಿ ತಗದು ಇಂಜಿನ್ ತಿರುವೋ ಕಬ್ಬಿಣದ ಹ್ಯಾಂಡಲ್ ತಂದ. ಅಣ್ಣನ ತಲಿಗೆ ಹಾಕ್ತಾನಂತ ತಿಳಕೊಂಡೆ. ಹಾಕಲಿಲ್ಲ. ಹಾಡು ಎಲ್ಲಿಂದ ಬರ್ತದಂತ ಹುಡುಕಾಕ ನಿಂತ. ನಾ ಅಷ್ಟು ಚೊಲೋ ಮುಚ್ಚಿಟ್ಟಿದ್ದೆ, ಅವಂಗ ಮೊದ್ಲಿಗೆ ಸಿಗಲಿಲ್ಲ. ವರ್ಷಗಟ್ಟಲೆ ದಿನಾ ಒರಸಿದ ರೇಡಿಯೋದ ಮೂತಿ ಹ್ಯಾಂಡಲ್‌ನಿಂದ ಬಡಬಡದು ಪುಡಿ ಮಾಡಿದ. ಹೂವು ಕೊಯ್ಯೋ ಚಾಕು ಕಸಗೊಂಡು ಸೀಟು ಸೀಳಿದ. ಒಂದು ಸೂಜಿ ತೂತು ಸಹಿಸದ ಮನಶ್ಯಾ! ನಕ್ಕವರೆಲ್ಲಾ ಹಿಂದ ಸರದ್ರು, ಮದುಮಗನ್ನ ಬ್ಯಾರೆ ಗಾಡ್ಯಾಗ ಕುಂದರಿಸಿದ್ರು. ಅಡ್ಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ ಅಂತಾರಲ್ಲ, ಅವತ್ತ ಅಪ್ಪಂದು ಹೋತು.

ಮತ್ತ ನಾ? ಅಪ್ಪ ಹುಡುಕಾಕ ನಿಂತಾಗನ ನಾ ಓಡಿದ್ದೆ, ಮುಂದಿಂದು ಆಮ್ಯಾಲ ಕೇಳಿದ್ದು. ಫೋನ್ ಬಂದ್ ಮಾಡಾಕ ಎಲ್ಲಿ ಒತ್ತಬೇಕಂತ ಹೊಳೀಲಿಲ್ಲ. ದೂರ ಹೋದ್ರ ಸಪ್ಪಳ ನಿಲ್ತದಂತ ಗೊತ್ತಿತ್ತು, ಅದಕ್ಕ ಓಡಿದೆ. ಹಂಗಂತ ಎಷ್ಟು ವರ್ಷ ನನಗ ನಾ ಹೇಳಿಕೊಂಡೀನಿ. ಸುಳ್ಳು. ಅಪ್ಪನ ಕೈಗೆ ಹೆದರಿ ಓಡಿದೆ. ಗದ್ದಿಗೆ ಇಳದು ನಾಕ್ ಮಾರು ಓಡೋದ್ರಾಗ ಫೋನು ಕಾರಿನ ಸಂಗ ಬಿಟ್ಟು, ಮೂರನೇ ಮೆಸೇಜ್ ನನ್ನ ಕೈಯಾಗ ಮಾತಾಡ್ತು. "ಲೇ ತಮ್ಮಾ, ನಾಳಿ ಏನರ ಸಿಕ್ಕಿಬಿದ್ರ ನಾನ ಮಾಡೀನಂತ ಹೇಳ್ತೀನಿ. ನಿನ್ನ ಹೆಸರು ಎತ್ತಂಗಿಲ್ಲ, ಹೆದರಬ್ಯಾಡ." ಗದ್ದಿ ದಾಟಿ ಕಾಲುವಿ ದಂಡಿಗೆ ಬಂದು, ನೀರಾಗ ಒಗದೆ ಫೋನನ್ನ.

ಅವ್ವ ಅವತ್ತ ಬಳ್ಳೊಳ್ಳಿ ಹಾಕಿ ಎಣ್ಣಿ ಕಾಸಿ ಅಣ್ಣನ ಕಿವಿಗೆ ಬಿಟ್ಟಳು. ನಮ್ಮ ಮನ್ಯಾಗ ಕಿವಿ ನೋವಿಗೆಲ್ಲಾ ಅದ ಮದ್ದು. ಪರದಿ ಹರದ ಕಿವ್ಯಾಗ ಅದು ಕೀವಾತು. ರಾಯಚೂರಿನ ಕಿವಿ ಡಾಕ್ಟರು ಅವ್ವಗ ಬೈದ್ರು. ಯವ್ವಾ, ಹೊಡದಾಂವ ಒಬ್ಬ, ಬೈಸಿಕೊಂಡಾಕಿ ನೀನು. ಎಡಗಿವಿ ಪೂರಾ ಹೋತು.

ಅಣ್ಣ ಏನ ತಿಳಕೊಂಡಿದ್ದ ಗೊತ್ತೇನು? ತನ್ನ ಅಂಗಿ ಕಿಸೆದಾಗಿನ ಫೋನ್ ಒತ್ತಿ ಅದು ಹಾಡಿತಂತ. "ನಂದ ತಪ್ಪು ಲೇ. ಬಟನ್ನೂ ಬಂದ್ ಮಾಡಿದ್ದಿಲ್ಲ, ಫೋನೂ ಒತ್ತಿಬಿಟ್ಟೆ" ಅಂದ ಆಸ್ಪತ್ರ್ಯಾಗ. ನಾ ಹೂಂ ಅಂದೆ. ಆ ಒಂದು ಹೂಂ ನಾಕು ವರ್ಷ ನನ್ನ ಗಂಟಲದಾಗ ಕುಂತಿತ್ತು. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡಂಗ, ಯಾರರ ಅಣ್ಣನ ಕಿವಿ ಸುದ್ದಿ ತಗದ್ರ ನಾ ಜಗಳಾ ತಗೀತಿದ್ದೆ. ಗಿರಾಕಿ ಕಪಾಳಕ್ಕ ಹೊಡದೆ. ಚಹಾ ಅಂಗಡ್ಯಾಗ "ಕಿವುಡನ ತಮ್ಮ" ಅಂದವನ ಎರಡು ಹಲ್ಲು ಉದುರಿಸಿದೆ. ಒಂದ್ ದಿನ ನನ್ನ ಹೆಂಡ್ತಿ ಮ್ಯಾಲ ಕೈ ಎತ್ತಿದಾಗ ಆಕಿ ಸರಿಯಲಿಲ್ಲ. "ಹೊಡಿ, ನಿಮ್ಮಪ್ಪನ ಮಗ ಅಲ್ಲೇನ" ಅಂದಳು. ಕೈ ಅಲ್ಲೇ ನಿಂತಿತು.

ಹೋದ ಬ್ಯಾಸಗಿ ಅಪ್ಪ, ಅಣ್ಣ ಇಬ್ಬರೂ ಕಾರ ತಗೊಂಡು ನನ್ನ ಅಂಗಡಿಗೆ ಬಂದ್ರು. ವೈರಿಂಗ್ ಸುಟ್ಟಿತ್ತು. ಅಣ್ಣ ಡ್ರೈವರ್ ಸೀಟಿನ್ಯಾಗ ಕುಂತು, "ಈ ಸಲ ಒಂದು ಸೆಟ್ ಕೂರಿಸಲೇ, ಬಲಗಡಿ ಒಂದ ಸ್ಪೀಕರ್ ಸಾಕು" ಅಂತ ನಕ್ಕ. ಅಪ್ಪ ಬ್ಯಾಡ ಅನ್ನಲಿಲ್ಲ. ಎಡಗಡಿ ಬಾಗಿಲ ಹತ್ರ ನಾನೂ ಅಪ್ಪಾನೂ ನಿಂತಿದ್ವಿ, ಅಂದ್ರ ಅಣ್ಣನ ಹೋದ ಕಿವಿ ಕಡಿ. ಅಪ್ಪ ಜೇಬಿನಿಂದ ಒಂದು ಗೇಣು ವೈರ್ ತಗದು ನನ್ನ ಕೈಯಾಗಿಟ್ಟ. ಮೇಣದ ದಾರ, ನಾಕ್ ಬಟ್ಟಿಗೊಂದು ಗಂಟು.

"ಅವತ್ತ ಸೀಟು ಸೀಳಿದಾಗ ಸಿಕ್ಕಿತ್ತು. ನೀ ಕಟ್ಟಿದ್ದು."

"ಗೊತ್ತಿದ್ದೂ ಸುಮ್ಮನಿದ್ದಿ?"

"ಹೊಡದ ಮ್ಯಾಲ ಗೊತ್ತಾತು. ತಪ್ಪಾತಂತ ಯಾರ ಮುಂದ ಹೇಳಲಿ? ನೀ ಯಾಕ ಸುಮ್ಮನಿದ್ದಿ?"

ನನ್ನ ಕೈಯಾಗ ನಟ್ಟು ಬಿಚ್ಚೋ ಪಾನಾ ಇತ್ತು. ಎತ್ತಿದೆ. ಖರೇ ಹೇಳ್ತೀನಿ, ಮುದುಕನ ತಲಿ ಒಡದೇ ಬಿಡ್ತೀನಂತ ಎತ್ತಿದೆ. ಅಪ್ಪ ಹಿಂದ ಸರೀಲಿಲ್ಲ. ಮುಖ ಹೊಳ್ಳಿಸಿ ಎಡಗಿವಿ ನನ್ನ ಕಡಿ ಮಾಡಿ ನಿಂತ. ಅದನ್ನ ನೋಡಿ ನನಗ ಅಳು ಬಂತು, ಪಾನಾ ಕೆಳಗ ಬಿತ್ತು.

ಸೀಟಿನಿಂದ ಅಣ್ಣ ಒದರಿದ: "ಏನ್ ಗುಸುಗುಸು ನಡಸೀರಲೇ ಇಬ್ರೂ? ಜೋರ ಮಾತಾಡ್ರಿ, ಆ ಕಡಿ ಕೇಳಂಗಿಲ್ಲಂತ ಗೊತ್ತಿಲ್ಲೇನ?"

ನಾ ಸುತ್ತು ಹಾಕಿ ಅವನ ಬಲಗಡಿ ಬಂದು ನಿಂತೆ. "ಅಣ್ಣಾ, ಪೋತ್ನಾಳದಾಗ ಹಾಡಿದ್ದು ನಿನ್ನ ಫೋನಲ್ಲ. ನಂದು. ನಾ ಒತ್ತಿದ್ದು. ಗೊತ್ತಿದ್ದೂ ಓಡಿಹೋದೆ."

"ಇನ್ನೊಮ್ಮೆ ಹೇಳು" ಅಂದ. ಕೇಳಿತ್ತು ಅವಂಗ. ಆದ್ರೂ ಹೇಳಿದೆ, ರೋಡಿಗೆಲ್ಲಾ ಕೇಳಂಗ ಹೇಳಿದೆ.

ಅಣ್ಣ ಇಳದು ಹೊಡದ. ಜೀವಮಾನದಾಗ ನನ್ನ ಮ್ಯಾಲ ಕೈ ಮಾಡದಾಂವ, ಬಲಗೈಯಿಂದ ಎಡಗಿವಿಗೆ, ಅಪ್ಪ ಹೊಡದಂಗ ಹೊಡದ. ನಾ ಕಾರಿನ ಮಡ್‌ಗಾರ್ಡ್ ಮ್ಯಾಲ ಬಿದ್ದೆ. ಅಪ್ಪ ನಡುವ ಬರಲಿಲ್ಲ. ಕಿವ್ಯಾಗ ಗುಂಯ್ ಅನ್ನೋದು ಮಧ್ಯಾಹ್ನ ಪೂರಾ ನಿಲ್ಲಲಿಲ್ಲ, ಬಸ್ಸಿನ ಹಾರ್ನ್ ಸೈತ ಎಲ್ಲೋ ನೀರಾಗ ಹೊಡದಂಗ ಕೇಳ್ತಿತ್ತು.

ಸಂಜಿಗೆ ನನ್ನ ಕಿವಿ ಸರಿಹೋತು.