ರೇಣುಕಾಳ ಬಿಗಿ ಗವಸು

“ಈ ಕೈ ಇನ್ನ ನೆಟ್ಟಗ ಆಗೂದಿಲ್ಲ, ಆಸೆ ಬಿಡ್ರಿ” ಎಂದು ಮನೆಯಲ್ಲಿ ಮೊದಲು ಹೇಳಿದವರು ರೇಣುಕಾಳ ಕಾಕಾ, ಅಂದರೆ ಚಿಕ್ಕಪ್ಪ, ಚೆನ್ನಪ್ಪ. ಕೊರೊನಾ ಕಳೆದು ಶಾಲೆಗಳು ಮತ್ತೆ ಪೂರ್ತಿ ತೆರೆದ ವರ್ಷ ಅದು. ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಸುಟ್ಟಗಾಯ ವಿಭಾಗದಲ್ಲಿ ಪ್ರೆಶರ್ ಗಾರ್ಮೆಂಟ್, ಅಂದರೆ ಕಲೆಯನ್ನು ಒತ್ತಿ ಹಿಡಿಯುವ ಬಿಗಿ ಬಟ್ಟೆ, ಹೊಲಿಯುತ್ತಿದ್ದೆ. ಹಮಾಲಿ ಮಾಡಿದವರ ಮಗಳು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ಮೊದಲಿಗಳು. ಜವಳಿ ವಿಷಯದಲ್ಲಿ ಡಿಗ್ರಿ ಎಂದರೆ ಓಣಿಯವರು, “ಅಂದ್ರ ಟೇಲರ್ ಏನವಾ?” ಎನ್ನುತ್ತಿದ್ದರು. ಹೌದು, ಟೇಲರೇ. ಆದರೆ ನಾನು ಹೊಲಿಯುವ ಬಟ್ಟೆಯ ಕೆಲಸ ಬೇರೆ.

ಸುಟ್ಟ ಚರ್ಮ ಮಾಯುವಾಗ ಕಲೆ ದಪ್ಪಗಾಗಿ, ಗಟ್ಟಿಯಾಗಿ, ಬೆರಳುಗಳನ್ನು ಒಳಕ್ಕೆ ಎಳೆಯುತ್ತದೆ. ಅದನ್ನು ತಡೆಯಲು ಪವರ್‌ನೆಟ್ ಎಂಬ ಹಿಗ್ಗುವ ಬಟ್ಟೆಯ ಗವಸನ್ನು ಹಗಲು ರಾತ್ರಿ ಹಾಕಿಕೊಂಡಿರಬೇಕು. ಕೈಯ ಸುತ್ತಳತೆಯನ್ನು ಇಂಚಿಂಚಿಗೂ ಟೇಪಿನಿಂದ ತೆಗೆದು, ಅದಕ್ಕಿಂತ ತುಸು ಕಡಿಮೆ ಅಳತೆಗೆ ಬಟ್ಟೆ ಕತ್ತರಿಸುತ್ತೇವೆ. ಸಡಿಲಾದರೆ ಕಲೆ ಬೆಳೆಯುತ್ತದೆ, ಬಿಗಿ ಹೆಚ್ಚಾದರೆ ರಕ್ತದ ಓಡಾಟ ನಿಲ್ಲುತ್ತದೆ.

ರೇಣುಕಾ ಉಣಕಲ್‌ನ ಹುಡುಗಿ. ಹತ್ತನೆಯ ತರಗತಿಯಲ್ಲಿದ್ದಾಗ, ಮಿರ್ಚಿ ಬಜ್ಜಿ ಕರಿಯುವ ಕಡಾಯಿ ವಾಲಿದ್ದನ್ನು ಹಿಡಿಯಲು ಹೋಗಿ ಬಲ ಅಂಗೈ ಸುಟ್ಟುಕೊಂಡಿದ್ದಳು. ಪರೀಕ್ಷೆಯನ್ನು ಬೇರೆಯವರ ಕೈಯಿಂದ ಬರೆಸಿ ಪಾಸಾದಳು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕಲಿಯುವ ಹಟ. ಪ್ರವೇಶಕ್ಕೆ ಕೈ ಸರಿಯಾಗಿ ಕೆಲಸ ಮಾಡುತ್ತದೆ ಎಂಬ ವೈದ್ಯಕೀಯ ಪ್ರಮಾಣಪತ್ರ ಬೇಕಿತ್ತು. ಪ್ರವೇಶ ಮುಗಿಯುವುದರೊಳಗೆ ಅಂಗೈ ಬಿಚ್ಚದಿದ್ದರೆ ಆಪರೇಷನ್ ಎಂದರು ಡಾಕ್ಟರ್. ಆಪರೇಷನ್ ಆದರೆ ಆ ವರ್ಷದ ಸೀಟು ಹೋದಂತೆಯೇ.

ನಾನು ಗವಸು ಹೊಲಿದು ಕೊಟ್ಟೆ. ಅವಳನ್ನು ಸಾಕಿದ ಆಯಿ, ಅಂದರೆ ಅಜ್ಜಿ, ಮುಂದಿನ ತಪಾಸಣೆಗೆ ಕರೆತಂದಾಗ ಬೆರಳುಗಳು ಮೊದಲಿಗಿಂತ ಹೆಚ್ಚು ಬಾಗಿದ್ದವು. ಡಾಕ್ಟರ್ ಎಲ್ಲರೆದುರು ನನ್ನನ್ನೇ ಕೇಳಿದರು: “ಅಳತಿ ಸರಿಯಾಗಿ ತಗೊಂಡಿದ್ರಿಲ್ಲೋ?”

ಗವಸು ಬಿಚ್ಚಿಸಿ ಬೆಳಕಿಗೆ ಹಿಡಿದೆ. ಹಿಗ್ಗುವ ಬಟ್ಟೆಗೆ ನಾನು ಹಾಕುವುದು ಜಿಗ್‌ಜಾಗ್ ಹೊಲಿಗೆ. ಇಲ್ಲಿ ಅದು ಇರಲೇ ಇಲ್ಲ. ಬಟ್ಟೆಯ ತೀರ ಅಂಚಿನಲ್ಲಿ ನೇರ ಹೊಲಿಗೆ ಓಡಿ, ಗವಸು ಸಡಿಲಾಗಿತ್ತು.

“ಇದರ ಹೊಲಿಗಿ ಬಿಚ್ಚಿದವರು ಯಾರು?” ಎಂದೆ.

ಆಯಿ ಹೇಳಿದರು: “ಇಕಿ ಕಾಕಾ ಬಿಚ್ಚಿ ಹೊಲದಾನ್ರಿ. ಹುಡುಗಿ ಬಿಗಿ ಅಂತ ಅಳ್ತಿದ್ಳು.”

ಚೆನ್ನಪ್ಪನವರನ್ನು ಕರೆಸಿದೆ. ಶಾಲೆಯ ಯೂನಿಫಾರ್ಮ್ ಹೊಲಿಯುವ ಟೇಲರ್. ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದರು.

“ಬೆಳಿಯೂ ಹುಡುಗಿ ರೀ, ಅಕ್ಕಾರ. ಸಣ್ಣವರ ಬಟ್ಟಿ ಯಾರರ ಮೈಗೆ ಅಂಟೂಹಂಗ ಹೊಲಿತಾರೇನ್ರಿ? ಡಿಗ್ರಿ ಕೊಟ್ಟಾರ ಖರೇ, ಮಾರ್ಜಿನ್ ಬಿಡೂದು ಕಲಿಸಿಲ್ಲ ನಿಮಗ.”

ನಮ್ಮ ಕಡೆ ಮಕ್ಕಳ ಬಟ್ಟೆಯ ಒಳಗೆ ಜಾಗ ಬಿಟ್ಟು ಹೊಲಿದು, ಪ್ರತಿ ಜೂನ್‌ನಲ್ಲಿ ಬಿಚ್ಚಿ ಅಗಲ ಮಾಡುತ್ತಾರೆ. ನಾನೂ ಅಂಥ ಫ್ರಾಕ್ ತೊಟ್ಟೇ ಬೆಳೆದವಳು. ಅವರು ಮಾಡಿದ್ದು ಪ್ರೀತಿಯಿಂದಲೇ. ಆದರೂ ಸಿಟ್ಟು ತಡೆಯಲಾಗಲಿಲ್ಲ.

“ಕಾಕಾರ, ನೀವು ಜಾಗಾ ಬಿಟ್ಟಿದ್ದು ಹುಡುಗಿ ಬೆಳಿಯಾಕಲ್ಲ, ಈ ಗಂಟು ಬೆಳಿಯಾಕ!” ಎಂದು ಅವರ ಹೆಬ್ಬೆರಳನ್ನು ಅವಳ ಅಂಗೈಯ ಕಲೆಯ ಮೇಲೆ ಇಡಿಸಿದೆ. ಹುರಿಹಗ್ಗದಂತೆ ಗಟ್ಟಿಯಾಗಿತ್ತು. ಅವರು ಕೈ ಹಿಂದೆಗೆದರು.

“ಮತ್ತ, ರಕ್ತ ನಿಂತ್ರ?”

ಆ ಪ್ರಶ್ನೆ ನ್ಯಾಯವಾದದ್ದು. ಹೊಸದಾಗಿ ಅಳತೆ ತೆಗೆದು ಇನ್ನೊಂದು ಗವಸು ಹೊಲಿದೆ. ತೊಡಿಸಿ, ಗವಸಿನ ತೆರೆದ ತುದಿಯಲ್ಲಿ ಕಾಣುವ ಅವಳ ಉಗುರನ್ನು ಒತ್ತಿ ಬಿಟ್ಟು ತೋರಿಸಿದೆ. ಬಿಳಿಚಿದ ಉಗುರಿಗೆ ತಕ್ಷಣ ಕೆಂಪು ಮರಳಿತು. ಕೆಂಪು ಮರಳುವುದು ತಡವಾದರೆ ಗವಸು ತೆಗೆದು ಕೂಡಲೇ ಫೋನ್ ಮಾಡಿ, ಕತ್ತರಿ ಮಾತ್ರ ಮುಟ್ಟಬೇಡಿ ಎಂದೆ. ಅಂದಿನಿಂದ ಕಾವಲು ಅವರದೇ. “ಕಾಕಾ, ಒತ್ತಿ ಒತ್ತಿ ನನ್ನ ಉಗುರಿಗೆ ತೂತ ಮಾಡ್ತಿ ನೀ” ಎಂದು ರೇಣುಕಾ ನನ್ನೆದುರೇ ಬೈದಳು. ಗವಸಿನ ಜೊತೆಗೆ ಬೆರಳನ್ನು ನೇರ ಹಿಡಿಯುವ ಸ್ಪ್ಲಿಂಟ್ ಪಟ್ಟಿ, ಬೆರಳಿನ ವ್ಯಾಯಾಮ ಎಲ್ಲವೂ ನಡೆದವು. ಇಷ್ಟಾದರೂ ಕಳೆದುಹೋದ ಸಮಯ ಮರಳುತ್ತದೆಯೇ ಎಂಬ ಹೆದರಿಕೆ ನನ್ನನ್ನು ಬಿಡಲಿಲ್ಲ.

ಕೊನೆಯ ತಪಾಸಣೆಯ ದಿನ ಡಾಕ್ಟರ್ ಅವಳ ಅಂಗೈಯನ್ನು ಮೇಜಿನ ಮೇಲೆ ಬೋರಲು ಇಡಿಸಿ, ಅದರ ಕೆಳಗೆ ಪೆನ್ಸಿಲ್ ತೂರಿಸಲು ನೋಡಿದರು. ಹಿಂದಿನ ಸಲ ಅದು ಸಲೀಸಾಗಿ ಈ ಕಡೆಯಿಂದ ಆ ಕಡೆಗೆ ಉರುಳಿತ್ತು. ಈಗ ಅಂಚಿನಲ್ಲೇ ತಡೆಯಿತು. ಅವರು ಇನ್ನೊಂದು ಬದಿಯಿಂದ ತೂರಿಸಲು ನೋಡಿದರು. ಚೆನ್ನಪ್ಪ ಗೋಡೆಯ ಕಡೆ ತಿರುಗಿ ನಿಂತಿದ್ದರು. ಅಲ್ಲೂ ಪೆನ್ಸಿಲ್ ಒಳಗೆ ಹೋಗಲಿಲ್ಲ; ಅಂಗೈ ಪೂರ್ತಿ ಮೇಜಿಗೆ ತಾಗಿತ್ತು.

“ಆಪರೇಷನ್ ಬ್ಯಾಡ” ಎಂದರು ಡಾಕ್ಟರ್.

ಬಟ್ಟೆಯ ಅಳತೆ ನನಗೆ ಕಾಲೇಜು ಕಲಿಸಿತ್ತು. ಆ ಅಳತೆ ಯಾಕೆ ಎಂದು ಮನೆಯವರ ಕೈಗೆ ಮುಟ್ಟಿಸಿ ಹೇಳುವುದೂ ಹೊಲಿಗೆಯ ಭಾಗ ಎಂದು ಕಲಿಸಿದ್ದು ಈ ಕೆಲಸ. ಈಗ ರೋಗಿಯ ಮನೆಯವರೊಬ್ಬರು ಉಗುರು ಒತ್ತಿ ನೋಡುವ ತನಕ ನಾನು ಗವಸು ಕೊಟ್ಟು ಕಳಿಸುವುದಿಲ್ಲ.

ಡಾಕ್ಟರ್ ಸಹಿ ಹಾಕಿದ ಪ್ರಮಾಣಪತ್ರವನ್ನು ರೇಣುಕಾಗೆ ನಾನೇ ಕೊಟ್ಟೆ. ಅವಳು ಬಲಗೈ ಚಾಚಿ ತೆಗೆದುಕೊಂಡಳು. ಆಯಿ ಅವಳ ಅಂಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಹೇಳಿದರು:

“ಹಂಗಾದ್ರ ನಾಳಿಂದ ರೊಟ್ಟಿ ನೀನ ಬಡಿಯವಾ. ನಿನ್ನ ಪಾಲಿಂದೂ ಬಡದು ಬಡದು ನನ್ನ ರಟ್ಟಿ ಬಿದ್ದು ಹೋದ್ವು.”