ಕೂದಲೆಳೆಯಷ್ಟು ಬಿರುಕು

ಶೀನಣ್ಣನ ಕಾರು ಮರಕ್ಕೆ ಗುದ್ದಿದ್ದು ಅವರ ತಪ್ಪಿನಿಂದಲ್ಲ, ನನ್ನ ತಪ್ಪಿನಿಂದ. ಇದು ನನಗೆ ಅಂದೇ ಗೊತ್ತಿತ್ತು. ಹದಿಮೂರು ವರ್ಷ ಸುಮ್ಮನಿದ್ದೆ— ಸುಮ್ಮನಿದ್ದೆ ಅನ್ನುವುದೂ ಪೂರ್ತಿ ಸತ್ಯವಲ್ಲ. ಅವರೇ ಕೇಳಿದಾಗ ಅವರ ಮುಖ ನೋಡಿಕೊಂಡು ಸುಳ್ಳು ಹೇಳಿದೆ.

ಆಗ ನಾನು ಕೋಟೇಶ್ವರದ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಶೀನಣ್ಣ ಕುಂದಾಪುರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಸ್ವಂತ ಕಾರು ಓಡಿಸುತ್ತಿದ್ದರು. ಅವರ ಹೆಂಡತಿ ಗಿರಿಜಕ್ಕ ಬುಟ್ಟಿ ಹೊತ್ತು ಬಸ್ರೂರಿನ ಮನೆಮನೆಗೆ ಮೀನು ಮಾರುತ್ತಿದ್ದರು. ಒಂದು ದಿನ ಶೀನಣ್ಣ ಕಾರು ತಂದು ನಿಲ್ಲಿಸಿದರು. ಮುಂದಿನ ಎಡಚಕ್ರ ಗುಂಯ್ ಅನ್ನುತ್ತಿತ್ತು.

"ಬೇರಿಂಗ್ ಹೋಯ್ತ್ ಕಾಣ್ತ್. ಸಂಜಿಗ್ ಕೊಡ್ಕ್ ಮಾರಾಯಾ, ನಾಳೆ ಮದಿ ದಿಬ್ಬಣದ್ ಟ್ರಿಪ್ ಇತ್ತ್" ಅಂದರು.

ಆ ಬೇರಿಂಗ್ ಬದಲಿಸಲು ಚಕ್ರದ ನಡುಭಾಗವಾದ ಹಬ್ ಅನ್ನು ನಕಲ್ ಸಮೇತ ಕೆಳಗಿಳಿಸಬೇಕು. ನಕಲ್ ಅಂದರೆ ಚಕ್ರವನ್ನು ಹೊತ್ತುಕೊಂಡು, ಸ್ಟೇರಿಂಗ್ ತಿರುಗಿಸಿದತ್ತ ತಿರುಗುವ ಎರಕದ ಕಬ್ಬಿಣದ ತುಂಡು. ಕಾರು ನೆಲದ ಮೇಲಿರುವಾಗಲೇ ನಡುವಿನ ದೊಡ್ಡ ನಟ್ಟು ಸಡಿಲಿಸಿ, ಜಾಕ್ ಕೊಟ್ಟು ಚಕ್ರ ತೆಗೆದೆ. ಬ್ರೇಕ್ ಬಿಚ್ಚಿ ತಂತಿಯಲ್ಲಿ ಮೇಲಕ್ಕೆ ಕಟ್ಟಿದೆ. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಸ್ಟೇರಿಂಗಿನಿಂದ ಬಂದು ನಕಲ್ಲಿನ ತೋಳನ್ನು ಹಿಡಿಯುವ ಕೊಂಡಿ ಉಪ್ಪುಗಾಳಿಗೆ ತುಕ್ಕು ಹಿಡಿದು ಕಚ್ಚಿ ಕುಳಿತಿತ್ತು. ಅದನ್ನು ಬಿಡಿಸುವ ಪುಲ್ಲರನ್ನು ಬೇರೆ ಗ್ಯಾರೇಜಿನವರು ಒಯ್ದಿದ್ದರು. "ಪುಲ್ಲರ್ ಬಪ್ಪಲ್ಲಿವರೆಗೆ ಅದ್ರ್ ಮುಟ್ಬೇಡ" ಎಂದು ಹೇಳಿ ಮಾಲೀಕರು ಊಟಕ್ಕೆ ಹೋದರು.

ನಾನು ಮುಟ್ಟಿದೆ. ಕೈ ಪಳಗಿದೆ ಎಂಬ ಸೊಕ್ಕು— ಬೇರೆ ಹೆಸರಿಲ್ಲ ಅದಕ್ಕೆ. ದೊಡ್ಡ ಸುತ್ತಿಗೆಯಿಂದ ತೋಳಿಗೆ ಬಡಿದೆ, ಮತ್ತೆ ಬಡಿದೆ. ಕಡೆಯ ಏಟಿಗೆ ಸದ್ದು ಬೇರೆಯಾಯಿತು. ಕೊಂಡಿ ಬಿಟ್ಟಿತು. ತೋಳಿನ ಬುಡದಲ್ಲಿ ಕೂದಲೆಳೆಯಷ್ಟು ಗೆರೆ ಕಂಡಿತು. ಬೆರಳಾಡಿಸಿದೆ, ಉಗುರಿಗೆ ಸಿಕ್ಕಿತು. ಎರಕದ ಗುರುತಿರಬಹುದು ಅಂದುಕೊಂಡೆ. ಇಲ್ಲ, ಅಂದುಕೊಳ್ಳಲಿಲ್ಲ— ಹಾಗೆ ಅಂದುಕೊಳ್ಳಲು ಒದ್ದಾಡಿದೆ. ಬೇರೆ ನಕಲ್ ಮಂಗಳೂರಿನಿಂದ ಬರಬೇಕು, ಎರಡು ದಿನ ಹಿಡಿಯುತ್ತದೆ, ಸುತ್ತಿಗೆಯ ವಿಷಯ ಮಾಲೀಕರಿಗೆ ಹೇಳಬೇಕು. ಗೆರೆಯ ಮೇಲೆ ಗ್ರೀಸ್ ಬಳಿದೆ. ಹೊಸ ಬೇರಿಂಗ್ ಕೂರಿಸಿ, ಅದೇ ನಕಲ್ಲನ್ನು ಕಟ್ಟಿ, ಸಂಜೆಗೆ ಕಾರು ಕೊಟ್ಟೆ.

ಹತ್ತು ದಿನ ಕಳೆದಿರಬೇಕು. ಗಂಡ ಹೆಂಡತಿ ಬ್ರಹ್ಮಾವರದ ನೆಂಟರ ಮನೆಗೆ ಹೋಗಿ ವಾಪಸ್ ಬರುತ್ತಿದ್ದರು. ಮಧ್ಯಾಹ್ನದ ಹೊತ್ತು, ನೇರ ರಸ್ತೆ. ಕಾರು ಇದ್ದಕ್ಕಿದ್ದಂತೆ ಎಡಕ್ಕೆ ಹೊರಳಿ ಮರಕ್ಕೆ ಗುದ್ದಿತು. ಶೀನಣ್ಣನಿಗೆ ಹೆಚ್ಚೇನೂ ಆಗಲಿಲ್ಲ. ಎಡಗಡೆ ಕುಳಿತಿದ್ದ ಗಿರಿಜಕ್ಕನ ತೊಡೆಯೂ ಸೊಂಟವೂ ಮುರಿದವು. ಹಿಂದಿನ ಇಡೀ ರಾತ್ರಿ ಶೀನಣ್ಣ ಬಾಡಿಗೆ ಓಡಿಸಿದ್ದರಂತೆ. ಡ್ರೈವರ್ ತೂಕಡಿಸಿದ— ಎಲ್ಲರೂ ಅದನ್ನೇ ಹೇಳಿದರು.

ಕಾರನ್ನು ಎಳೆದು ತಂದವನೂ ನಾನೇ. ಚಕ್ರ ತೆಗೆದು ನೋಡಿದೆ. ನಕಲ್ಲಿನ ತೋಳು ಎರಡು ತುಂಡಾಗಿತ್ತು. ಮುರಿದ ಜಾಗದಲ್ಲಿ ಅರ್ಧ ಹೊಸ ಕಬ್ಬಿಣದ ಹೊಳಪು. ಇನ್ನರ್ಧಕ್ಕೆ ಆಗಲೇ ತುಕ್ಕು, ಅದರ ಮೇಲೆ ನಾನು ಬಳಿದ ಗ್ರೀಸ್. ಗುದ್ದಿದ್ದರಿಂದ ಮುರಿದದ್ದಲ್ಲ, ಮುರಿದದ್ದರಿಂದ ಗುದ್ದಿದ್ದು. ಯಾರೂ ನೋಡುವ ಮೊದಲು ಹಬ್ ಸಮೇತ ಬಿಚ್ಚಿ ಗುಜರಿ ರಾಶಿಯ ಅಡಿಗೆ ತಳ್ಳಿದೆ.

ಆಸ್ಪತ್ರೆಯ ಜಗಲಿಯಲ್ಲಿ ಶೀನಣ್ಣ ನನ್ನ ಕೈ ಹಿಡಿದುಕೊಂಡರು. "ಗಾಡಿಲ್ ಎಂತಾರೂ ಇದ್ದಿತ್ತಾ? ಸ್ಟೇರಿಂಗ್ ಕೈಗೇ ಸಿಕ್ಲಿಲ್ಲೆ ಅಂದೇಳಿ ನಂಗೆ—"

"ಎಂತ ಇಲ್ಲೆ ಶೀನಣ್ಣ. ಎಲ್ಲ ಸಮ ಇತ್ತ್."

"ಹಂಗಾರೆ ನಂಗೇ ಕಣ್ಣ್ ಮುಚ್ಚಿತ್ ಕಾಣ್ತ್" ಅಂದರು. ಅಷ್ಟೇ.

ಆಮೇಲೆ ಅವರು ಸ್ಟೇರಿಂಗ್ ಮುಟ್ಟಲಿಲ್ಲ. ಐಸ್ ಪ್ಲಾಂಟಿನಲ್ಲಿ ಕೂಲಿಗೆ ಸೇರಿಕೊಂಡರು. ಗಿರಿಜಕ್ಕ ಮತ್ತೆ ಬುಟ್ಟಿ ಹೊರಲಿಲ್ಲ. ನಾನು ಗ್ಯಾರೇಜ್ ಬದಲಿಸಿದೆ, ಆಮೇಲೆ ನನ್ನದೇ ಒಂದು ಮಾಡಿಕೊಂಡೆ. ಬಸ್ಸಿನಲ್ಲಿ ಆ ಮರ ದಾಟುವಾಗೆಲ್ಲ ತಲೆ ತಗ್ಗಿಸುತ್ತಿದ್ದೆ. ಹೆದ್ದಾರಿ ಅಗಲ ಮಾಡಲು ಮರವನ್ನು ಕಡಿದರು. ಅದಿಲ್ಲದ ಜಾಗ ಬಂದರೂ ತಲೆ ತಾನಾಗಿ ತಗ್ಗುತ್ತಿತ್ತು.

ಕಳೆದ ವಾರ ಒಬ್ಬ ಗಿರಾಕಿ ಕಾರು ತಂದರು. ಅವರ ಜೊತೆ ಶೀನಣ್ಣ. ಗಿರಾಕಿ ಶೀನಣ್ಣನ ತಂಗಿಯ ಗಂಡ. ಗಾಡಿ ಸ್ವಲ್ಪ ಹಿಂದೆ ತೆಗೆಯಿರಿ ಭಾವ ಎಂದು ಆತ ಕೀ ನೀಡಿದರೆ ಶೀನಣ್ಣ ಎರಡು ಹೆಜ್ಜೆ ಹಿಂದೆ ಸರಿದರು. "ನಂಗ್ ಕೊಡ್ಬೇಡ. ಹೆಂಡ್ತಿ ಕಾಲ್ ಮುರ್ದ್ ಕೈ ಇದ್" ಅಂದರು, ನಗುತ್ತಾ. ಆ ನಗು— ಅದನ್ನು ನೋಡಿದ ಮೇಲೆ ಮೂರು ದಿನ ಒಂದು ಬೋಲ್ಟನ್ನೂ ನೆಟ್ಟಗೆ ಕೂರಿಸಲಾಗಲಿಲ್ಲ.

ಇವತ್ತು ಬೀಜಾಡಿಯ ಅವರ ಮನೆಗೆ ಹೋಗಿ, ನಿಂತೇ ಎಲ್ಲ ಹೇಳಿದೆ. ಸುತ್ತಿಗೆ, ಗೆರೆ, ಗ್ರೀಸ್, ಗುಜರಿ. ಬೈಯಲಿ, ಹೊಡೆಯಲಿ ಎಂದು ಕಾದೆ. ಶೀನಣ್ಣ ತಮ್ಮ ಅಂಗೈಯನ್ನೇ ನೋಡಿದರು.

"ನಾ ನಿದ್ರಿ ಮಾಡ್ಲಿಲ್ಯಾ?"

"ಇಲ್ಲೆ ಶೀನಣ್ಣ."

"ಗಿರ್ಜಾ, ಹೊರ್ಗ್ ಬಾ" ಎಂದು ಒಳಗೆ ಕೂಗಿದರು. ಗಿರಿಜಕ್ಕ ಗೋಡೆ ಹಿಡಿದುಕೊಂಡು ಬಂದರು. "ಇನ್ನೊಂದ್ ಸಲ ಹೇಳ್. ಇವ್ಳ್ ಎದ್ರಿಗ್ ಹೇಳ್" ಅಂದರು ಶೀನಣ್ಣ. ಹೇಳಿದೆ. ಎರಡನೆಯ ಸಲ ಹೇಳುವುದು ಇನ್ನೂ ಕಷ್ಟ.

ಗಿರಿಜಕ್ಕ ಅಳಲಿಲ್ಲ. ಗಂಡನ ಹೆಗಲ ಮೇಲೆ ಕೈಯಿಟ್ಟು ನನ್ನನ್ನೇ ನೋಡಿ ಹೇಳಿದರು: "ನಮ್ಗ್ ಹೇಳ್ರೆ ಸಾಕಾತಿಲ್ಲ. ಇವ್ರ್ ತೂಕಡ್ಸಿರ್ ಅಂದೇಳಿ ಸ್ಟ್ಯಾಂಡಿನರೆಲ್ಲ ಹೇಳ್ಕಂಡ್ ಬಂದ್ರ್. ಅಲ್ ಹೋಯ್ ಹೇಳ್ಕ್ ನೀನ್."

ಕ್ಷಮೆ ಕೇಳುವ ಧೈರ್ಯ ನನಗೆ ಬರಲಿಲ್ಲ, ಅವರೂ ಕೊಡಲಿಲ್ಲ. ಬೆಳಿಗ್ಗೆ ಎಂಟಕ್ಕೆ ಡ್ರೈವರುಗಳೆಲ್ಲ ಸ್ಟ್ಯಾಂಡಿನಲ್ಲಿ ಸೇರುತ್ತಾರೆ. ನಾಳೆ ಹೋಗುತ್ತೇನೆ.